ಎಚ್ಚರಿಕೆ ಇಲ್ಲದ ದಿನದ ಕಡಲು: ಉಡುಪಿ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ವಂದನೆಗಳು.

ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ನೀವೇ ಆದ್ದರಿಂದ ಈ ಪತ್ರವನ್ನು ನಿಮಗೇ ಬರೆಯುತ್ತಿದ್ದೇವೆ. ಕಯಾಕಿನಲ್ಲೋ ಪಾತಿದೋಣಿಯಲ್ಲೋ ಒಬ್ಬಿಬ್ಬರೇ ಹೋಗಿ ಗಾಳ ಹಾಕುವವರ ಮಾತು ಇದು. ಟ್ರಾಲ್ ಬೋಟಿನಲ್ಲಿ ಎಂಜಿನ್ ಇರುತ್ತದೆ, ವಯರ್‌ಲೆಸ್ ಇರುತ್ತದೆ. ಕಯಾಕಿನಲ್ಲಿ ಇರುವುದು ಒಂದು ಹುಟ್ಟು, ಅದನ್ನು ಹಾಕುವ ಎರಡು ಕೈ.

"ಮಂಗಳೂರಿನಿಂದ ಕಾರವಾರದವರೆಗೆ ಗಂಟೆಗೆ 45ರಿಂದ 55 ಕಿ.ಮೀ. ವೇಗದ ಗಾಳಿ, ಮೀನುಗಾರರು ಕಡಲಿಗೆ ಇಳಿಯಬಾರದು." ಎಚ್ಚರಿಕೆ ಬರುವುದು ಸಾಮಾನ್ಯವಾಗಿ ಈ ಧಾಟಿಯಲ್ಲಿ. ಅದರ ಬಗ್ಗೆ ತಕರಾರಿಲ್ಲ, ಅಂಥ ದಿನ ಯಾರೂ ಇಳಿಯಲೇಬಾರದು. ನಮ್ಮ ಚಿಂತೆ ಎಚ್ಚರಿಕೆ ಇಲ್ಲದ ದಿನದ್ದು. ಎಚ್ಚರಿಕೆ ಇಲ್ಲ ಎಂದರೆ ಕಡಲು ಸಮ ಇದೆ ಎಂದೇ ಜನ ಅರ್ಥ ಮಾಡಿಕೊಳ್ಳುತ್ತಾರೆ. ಆದರೆ ಕಯಾಕಿಗೆ 45ರ ಗಾಳಿ ಬೇಕಿಲ್ಲ, 20 ಸಾಕು.

ಅಲೆಯಿಂದ ಶುರು ಮಾಡೋಣ. "ಅಲೆ 1 ಮೀಟರ್" ಎಂದು ಮುನ್ಸೂಚನೆ ಹೇಳುವಾಗ ಅದು ಎಲ್ಲಕ್ಕಿಂತ ದೊಡ್ಡ ಅಲೆಯ ಎತ್ತರವಲ್ಲ. ಬರುವ ಅಲೆಗಳಲ್ಲಿ ದೊಡ್ಡವಾದ ಮೂರನೇ ಒಂದು ಪಾಲಿನ ಸರಾಸರಿ. ನಡುನಡುವೆ ಸುಮಾರು ಅದರ ಎರಡರಷ್ಟು ಎತ್ತರದ್ದೂ ಬಂದೀತು. ಇನ್ನೂ ಮುಖ್ಯವಾದದ್ದು ಅವಧಿ, ಅಂದರೆ ಒಂದು ಅಲೆಯ ನೆತ್ತಿ ದಾಟಿದ ಮೇಲೆ ಮುಂದಿನದು ಬರಲು ಹಿಡಿಯುವ ಸೆಕೆಂಡು. 5 ಸೆಕೆಂಡಿನ ಅಲೆ ಇಲ್ಲೇ ಗಾಳಿಗೆ ಎದ್ದದ್ದು. ಆಳದ ನೀರಿನಲ್ಲಿ ಅದರ ಉದ್ದ 40 ಮೀಟರಿನಷ್ಟು, ಆದ್ದರಿಂದ ಕಡಿದಾಗಿರುತ್ತದೆ, ಕಯಾಕನ್ನು ಕುಟ್ಟುತ್ತದೆ. 14 ಸೆಕೆಂಡಿನದು ಎಲ್ಲೋ ದಕ್ಷಿಣ ಸಾಗರದಲ್ಲಿ ಹುಟ್ಟಿ ಬಂದದ್ದು. ಉದ್ದ 300 ಮೀಟರ್ ದಾಟುತ್ತದೆ. ಹೊರಗಿನ ಕಡಲಿನಲ್ಲಿ ಅದು ತೊಟ್ಟಿಲ ಹಾಗೆ, ಏರಿಳಿದದ್ದೇ ಗೊತ್ತಾಗುವುದಿಲ್ಲ. ಆದರೆ ಅದೇ ಅಲೆ ತಗ್ಗು ನೀರಿಗೆ ಬಂದಾಗ ಎದ್ದು ನಿಲ್ಲುತ್ತದೆ. ದಡಕ್ಕೆ ನೇರ ಬರುವ 1 ಮೀಟರಿನ ಅಲೆಯನ್ನು ಸೂತ್ರಕ್ಕೆ ಹಾಕಿ ನೋಡಿದರೆ, 5 ಸೆಕೆಂಡಿನದು ಸುಮಾರು 1.2 ಮೀಟರ್ ಎತ್ತರಕ್ಕೆ ಎದ್ದು ಮುರಿದರೆ 14 ಸೆಕೆಂಡಿನದು 1.75ರ ಹತ್ತಿರ ಹೋಗಿ ಮುರಿಯುತ್ತದೆ. ಬೆಳಗ್ಗೆ ಸಲೀಸಾಗಿ ಹೊರಗೆ ಹೋದವರು ವಾಪಸು ಬರುವಾಗ ದಡದಲ್ಲಿ ಮಗುಚಿಕೊಳ್ಳುವುದು ಹೀಗೆ. ಕೇರಳದವರು ಇದರ ದೊಡ್ಡ ರೂಪಕ್ಕೆ ಕಳ್ಳಕ್ಕಡಲ್ ಎನ್ನುತ್ತಾರೆ. ಗಾಳಿಯ ಸುಳಿವೇ ಇಲ್ಲದೆ ನುಗ್ಗುವುದರಿಂದ ಹೆಸರು ಸರಿಯಾಗಿಯೇ ಇದೆ.

ಕಡಲಿನ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ 2020ರಲ್ಲೇ ಸಣ್ಣ ದೋಣಿಗಳಿಗೆಂದು ಬೇರೆ ಮುನ್ಸೂಚನೆ ಆರಂಭಿಸಿದೆ. ಅಗಲ 7 ಮೀಟರಿನವರೆಗಿನ ದೋಣಿಗಳಿಗೆ ಅಲೆಯ ಎತ್ತರ, ಅದು ಎಷ್ಟು ಕಡಿದು, ಅಲೆಗಳು ಎಷ್ಟು ದಿಕ್ಕುಗಳಿಗೆ ಚದುರಿವೆ ಎಂಬುದು, ಗಾಳಿ ಹಠಾತ್ತನೆ ಏರುವ ಸಾಧ್ಯತೆ ಇವನ್ನೆಲ್ಲ ಸೇರಿಸಿ ಲೆಕ್ಕ ಹಾಕುತ್ತಾರೆ. ಒಳ್ಳೆಯ ಕೆಲಸ. ಆದರೆ ಅದು ತೆರೆದ ಕಡಲಿನ ಲೆಕ್ಕ, ಕೋಡಿ ಬೆಂಗ್ರೆಯಲ್ಲಿ ಹೊಳೆ ಕಡಲು ಸೇರುವ ಅಳಿವೆ ಬಾಗಿಲಿನದಲ್ಲ.

ಅಳಿವೆಯಲ್ಲಿ ಮೂರು ಸಂಗತಿ ಕೂಡುತ್ತವೆ: ಮರಳ ದಿಣ್ಣೆ, ಹೊರಗಿನ ಅಲೆ, ಇಳಿತದ ನೀರು. ಹೊರಗೆ ಹರಿಯುವ ನೀರಿಗೆ ಒಳಗೆ ಬರುವ ಅಲೆ ಎದುರಾದರೆ ಅಲೆ ಗಿಡ್ಡವಾಗಿ, ಕಡಿದಾಗಿ, ದಿಣ್ಣೆಯ ಮೇಲೆ ಮುರಿಯುತ್ತದೆ. 1 ಮೀಟರಿನ ಅಲೆ ಮುರಿಯಲು ಸುಮಾರು 1.3 ಮೀಟರ್ ಆಳ ಸಾಕು. ಇಳಿತದ ನಡುವಿನ ಎರಡು ಗಂಟೆಯಲ್ಲೇ ಹೆಚ್ಚುಕಡಿಮೆ ಅರ್ಧ ನೀರು ಹೊರಗೆ ಹೋಗಿಬಿಡುತ್ತದೆ. ಆ ಹೊತ್ತಿನಲ್ಲಿ ಅಳಿವೆ ದಾಟಬಾರದು. ದಾಟುವುದಾದರೆ ಉಬ್ಬರದ ಕೊನೆಯ ಗಂಟೆ. ಪಂಚಾಂಗ ನೋಡಿ ಹುಣ್ಣಿಮೆ, ಅಮಾವಾಸ್ಯೆ ಹತ್ತಿರವಿದ್ದರೆ ಸೆಳೆತ ಜೋರು ಎಂದುಕೊಳ್ಳಬೇಕು. ಇನ್ನೊಂದು ಮಾತು: ಬಂದರಿನ ಉಬ್ಬರದ ಸಮಯ ಮುಗಿದ ಮೇಲೂ ಹಿನ್ನೀರಿನೊಳಗೆ ನೀರು ಸ್ವಲ್ಪ ಹೊತ್ತು ಏರುತ್ತಲೇ ಇರಬಹುದು. ಮಳೆಗಾಲ ಮುಗಿದರೂ ಹೊಳೆ ತುಂಬಿ ಹರಿಯುವ ದಿನಗಳಲ್ಲಿ ಉಬ್ಬರ ಇಳಿತದ ಸಮಯದ ಪಟ್ಟಿಯನ್ನು ನಂಬಿಯೇ ಪ್ರಯೋಜನವಿಲ್ಲ.

ಗಾಳಿಯ ವಿಷಯದಲ್ಲಿ ಮೋಸ ಹೋಗುವುದು ಚಳಿಗಾಲದ ಬೆಳಗಿನಲ್ಲಿ. ಆಗ ನೆಲದಿಂದ ಕಡಲಿಗೆ ಮೂಡುಗಾಳಿ. ದಡದ ನೀರು ಕನ್ನಡಿಯ ಹಾಗಿರುತ್ತದೆ, ಏಕೆಂದರೆ ತೆಂಗಿನ ತೋಟ ಗಾಳಿಯನ್ನು ತಡೆದಿರುತ್ತದೆ. ಸೈಂಟ್ ಮೇರೀಸ್ ದ್ವೀಪ ಮಲ್ಪೆಯಿಂದ ಸುಮಾರು 6 ಕಿ.ಮೀ. ಅಷ್ಟು ದೂರ ಗಂಟೆಗೆ 4.5 ಕಿ.ಮೀ. ವೇಗದಲ್ಲಿ ಹೋಗಲು 80 ನಿಮಿಷ. ಗಾಳಿ ಎದುರಾಗಿ ವೇಗ 2.5ಕ್ಕೆ ಇಳಿದರೆ ಬರಲು ಎರಡೂವರೆ ಗಂಟೆಯ ಹತ್ತಿರ. ಮಧ್ಯಾಹ್ನ ಗಾಳಿ ತಿರುಗಿ ಕಡಲಿನಿಂದ ಬೀಸುತ್ತದೆ ಎಂದು ಕಾದು ಕುಳಿತರೆ ಅಲೆಯೂ ಜೊತೆಗೇ ಏರುತ್ತದೆ. ಗಾಳಿ 15 ಕಿ.ಮೀ. ದಾಟುವ ದಿನ ದಡದ ಬಳಿಯೇ ಇರಬೇಕು. 20 ಎಂದಿದ್ದರೆ ಕಯಾಕನ್ನು ಕಾರಿನಿಂದ ಇಳಿಸಲೇಬಾರದು. ಕಡಲಿನ ಮೇಲೆ ಅಲ್ಲಲ್ಲಿ ಬಿಳಿ ನೊರೆ ಕಂಡರೆ ಮುನ್ಸೂಚನೆ ಏನೇ ಹೇಳಲಿ, ತಿರುಗಿ ಬರಬೇಕು.

ಮೊಬೈಲಿನಲ್ಲಿ ಎಲ್ಲವೂ ಸಿಗುತ್ತದಲ್ಲ ಎಂದು ನೀವು ಕೇಳಬಹುದು. ಸಿಗುತ್ತದೆ, ಗೊಂದಲದ ಸಮೇತ. ಒಂದು ಕಡೆ ಗಾಳಿ "10" ಎಂದರೆ ಸೆಕೆಂಡಿಗೆ ಮೀಟರ್, ಅಂದರೆ ಗಂಟೆಗೆ 36 ಕಿ.ಮೀ. ಇನ್ನೊಂದು ಕಡೆ ಅದೇ 10 ನಾಟ್, ಅಂದರೆ 18.5 ಕಿ.ಮೀ. ಗಾಳಿ ಮತ್ತು ಅಲೆಯ ದಿಕ್ಕು ಎಲ್ಲಿಂದ ಬರುತ್ತದೆ ಎಂಬುದು. ನೀರಿನ ಹರಿವಿನ ದಿಕ್ಕು ಎಲ್ಲಿಗೆ ಹೋಗುತ್ತದೆ ಎಂಬುದು. ಇದನ್ನು ಹೊಸಬರಿಗೆ ಯಾರೂ ಹೇಳಿಕೊಡುವುದಿಲ್ಲ.

ಆದ್ದರಿಂದ ನಮ್ಮ ಮೊದಲ ಬೇಡಿಕೆ ಒಂದು ಹಲಗೆ. ಮಲ್ಪೆ, ಪಡುಕೆರೆ, ಕಾಪು, ಹೆಜಮಾಡಿ, ಕೋಡಿ ಬೆಂಗ್ರೆ, ಗಂಗೊಳ್ಳಿಯಲ್ಲಿ ಕಡಲಿಗೆ ಇಳಿಯುವ ಜಾಗದಲ್ಲೇ, ಬೆಳಗ್ಗೆ 5ರೊಳಗೆ, ಕನ್ನಡದಲ್ಲಿ. ಅಲೆಯ ಎತ್ತರ, ಅವಧಿ, ದಿಕ್ಕು. 6, 9, 12 ಗಂಟೆಯ ಗಾಳಿ, ಬೀಸಿನ ಜೋರಿನೊಂದಿಗೆ, ಗಂಟೆಗೆ ಕಿ.ಮೀ. ಲೆಕ್ಕದಲ್ಲೇ, ಉಬ್ಬರ ಇಳಿತದ ಸಮಯ, ಸಿಡಿಲಿನ ಸೂಚನೆ. ಅಕ್ಟೋಬರಿನ ಮಧ್ಯಾಹ್ನ ಘಟ್ಟದ ಕಡೆಯಿಂದ ಬರುವ ಸಿಡಿಲುಮಳೆಯನ್ನು ಅಲೆಯ ಮುನ್ಸೂಚನೆ ಹೇಳುವುದಿಲ್ಲ, ಕಾರ್ಬನ್ ಗಾಳದ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ. ಹಲಗೆಯ ಮೂಲೆಯಲ್ಲಿ ಬರೆದ ಸಮಯ ಇರಲಿ. ನಿನ್ನೆಯ ಹಲಗೆ ಖಾಲಿ ಹಲಗೆಗಿಂತ ಅಪಾಯ.

ಪ್ರತಿ ಮಳೆಗಾಲದ ಅಲೆಗೆ ಮರಳ ದಿಣ್ಣೆ ಜಾಗ ಬದಲಿಸುತ್ತದೆ. ಆಗಸ್ಟ್ 1ಕ್ಕೆ ಯಾಂತ್ರಿಕ ದೋಣಿಗಳ ನಿಷೇಧ ಮುಗಿದ ಮೇಲೆ ಅಳಿವೆಗಳ ಆಳ ಅಳೆಸಿ, ದಿಣ್ಣೆಯ ನಕ್ಷೆಯನ್ನು ಅದೇ ಹಲಗೆಯ ಪಕ್ಕ ಹಾಕಿಸಿದರೆ ನಾಡದೋಣಿಯವರಿಗೂ ಉಪಕಾರ.

ಕೊನೆಯದಾಗಿ, ಹತ್ತಿರದ ಕರಾವಳಿ ಕಾವಲು ಪೊಲೀಸ್ ಠಾಣೆಯಲ್ಲಿ ಒಂದು ಪುಸ್ತಕ. ಎಷ್ಟು ಜನ, ಕಯಾಕಿನ ಬಣ್ಣ, ಹೋಗುವ ದಿಕ್ಕು, ವಾಪಸು ಬರುವ ಸಮಯ, ಮನೆಯವರ ಫೋನ್ ನಂಬರು. ಹೇಳಿದ ಸಮಯ ದಾಟಿ ಒಂದು ಗಂಟೆಯಾದರೂ ಬಾರದಿದ್ದರೆ ಠಾಣೆಯಿಂದಲೇ ಕೋಸ್ಟ್ ಗಾರ್ಡಿನ 1554ಕ್ಕೆ ಕರೆ ಹೋಗಬೇಕು. ಬಂದು ಸಹಿ ಹಾಕದೆ ಮನೆಗೆ ಹೋದವರಿಗೆ ದಂಡ ಹಾಕಿ, ನಮ್ಮ ಆಕ್ಷೇಪವಿಲ್ಲ.

ಇತಿ,
ಉಡುಪಿ ಕರಾವಳಿಯಲ್ಲಿ ಕಯಾಕ್ ಮತ್ತು ಪಾತಿದೋಣಿಯಿಂದ ಗಾಳ ಹಾಕುವವರು