ಕುಮಟಾ ಬಸ್ ನಿಲ್ದಾಣದ ಅಣ್ಣನಿಗೆ

ಹೆಸರು ಕೇಳುವಷ್ಟರಲ್ಲಿ ನೀವು ಕಾರವಾರದ ಬಸ್ ಹತ್ತಿಬಿಟ್ಟಿರಿ ಅಣ್ಣಾ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಶಿರಸಿಯ ಮನೆಯಲ್ಲಿ ಚೆನ್ನಾಗಿ ಓಡುತ್ತಿದ್ದ ನನ್ನ ಅಡಿಕೆ ದರದ ಪ್ರೋಗ್ರಾಂ, ದೇವಿಮನೆ ಘಟ್ಟ ಇಳಿದು ಬಂದ ಮೇಲೆ ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕೈಕೊಟ್ಟಿತ್ತು. ಪ್ರತಿ ಸಲ 5 ಸೆಕೆಂಡ್ ಸುಮ್ನೆ ಕೂತು 'ಹೆಸರು ಸಿಗಲಿಲ್ಲ' ಅನ್ನುತ್ತಿತ್ತು. ಬ್ರೌಸರಿಗೆ ಮಾತ್ರ ಏನೂ ತೊಂದರೆ ಇರಲಿಲ್ಲ. ಪಕ್ಕದ ಬೆಂಚಿನಿಂದ ನೀವು ಕೇಳಿದ್ದು ಒಂದೇ ಮಾತು: "ಅದು ಯಾವ ಡಿಎನ್‌ಎಸ್ ಸರ್ವರನ್ನು ಕೇಳ್ತಾ ಇದೆ, ನೋಡಿದ್ರಾ?" (ಅಂತರ್ಜಾಲದ ಹೆಸರಿಗೆ ಅದರ ಅಂಕಿ ವಿಳಾಸ ಹುಡುಕಿಕೊಡುವುದೇ ಡಿಎನ್‌ಎಸ್ ಸರ್ವರಿನ ಕೆಲಸ.)

ನೆಟ್‌ವರ್ಕಿನಲ್ಲಿ ಏನು ಹೋಗಿಬರುತ್ತಿದೆ ಅಂತ ತೋರಿಸುವ ಟಿಸಿಪಿಡಂಪ್ ಹಾಕಿ, ಡಿಎನ್‌ಎಸ್ ಬಳಸುವ 53ನೇ ಪೋರ್ಟ್ ನೋಡಿದೆವು. ಪ್ರೋಗ್ರಾಂ ಇನ್ನೂ ನಮ್ಮ ಮನೆಯ ರೂಟರ್ 192.168.1.1ನ್ನೇ ಕರೆಯುತ್ತಿತ್ತು! ಲ್ಯಾಪ್‌ಟಾಪ್ ಮುಚ್ಚಿ ತಂದಿದ್ದೆ, ಪ್ರೋಗ್ರಾಂ ನಿಲ್ಲಿಸಿರಲಿಲ್ಲ. ಅದು ಬಳಸುವ ಲೈಬ್ರರಿಗೆ (ಸಿದ್ಧ ಕೋಡಿನ ಕಟ್ಟಿಗೆ) ಅದರದ್ದೇ ರಿಸಾಲ್ವರ್, ಅಂದರೆ ಡಿಎನ್‌ಎಸ್ ಕೇಳುವ ಭಾಗ, ಇದೆ. ಯಾವ ಡಿಎನ್‌ಎಸ್ ಸರ್ವರನ್ನು ಕೇಳಬೇಕು ಅಂತ ಬರೆದಿರುವ ರಿಸಾಲ್ವ್.ಕಾನ್ಫ್ ಫೈಲನ್ನು ಅದು ಶುರುವಿನಲ್ಲಿ ಒಮ್ಮೆ ಓದಿದ್ದಷ್ಟೇ. ಆದರೆ ಲಿನಕ್ಸಿನ ಮೂಲ ಲೈಬ್ರರಿಯಾದ ಜಿಲಿಬ್‌ಸಿ 2017ರ 2.26ನೇ ಆವೃತ್ತಿಯಿಂದ, ಫೈಲ್ ಬದಲಾದರೆ ತಾನೇ ಮತ್ತೆ ಓದುತ್ತದೆ ಅಂತ ನೀವೇ ಹೇಳಿಕೊಟ್ಟಿರಿ. ಹಾಗಾಗಿ ಸಿಸ್ಟಮ್ಮಿನ (ಜಿಲಿಬ್‌ಸಿಯ) ರಿಸಾಲ್ವರನ್ನೇ ಬಳಸುವ ಹಾಗೆ ಒಂದು ಸೆಟ್ಟಿಂಗ್ ಬದಲಿಸಿದೆ. ಎರಡು ವಾರ ಆಯ್ತು, ಒಂದು ಸಲವೂ ತಪ್ಪಿಲ್ಲ.

ಬಸ್ಸು ಹೊರಡುವ ಹೊತ್ತಿನಲ್ಲೂ ನನ್ನ ಸ್ಕ್ರೀನಿನಲ್ಲಿ ದರ ಬಂದದ್ದು ನೋಡಿಯೇ ಎದ್ದಿರಿ. ಚಹಾದ ದುಡ್ಡನ್ನೂ ನೀವೇ ಕೊಟ್ಟಿರಿ. ತುಂಬಾ ಧನ್ಯವಾದ ಅಣ್ಣಾ. ಶಿರಸಿ ಕಡೆ ಬಂದರೆ ಊಟ ನಮ್ಮನೆಯಲ್ಲೇ.