ಮಕ್ಕಳನ್ನು ಕಾರಿನಲ್ಲಿ ಕರೆತರುವ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಕಾಫಿ ಕೊಯ್ಲು ಶುರುವಾಗುತ್ತಿದೆ, ಸುಗ್ಗಿ ಹಬ್ಬ ಪುತ್ತರಿಯೂ ಹತ್ತಿರ ಬಂತು. ಇನ್ನು ಮೂರ್ನಾಲ್ಕು ತಿಂಗಳು ನಮ್ಮ ರಸ್ತೆಗಳಲ್ಲಿ ಪಿಕಪ್, ಜೀಪು, ಪ್ರವಾಸಿಗರ ಕಾರು ಎಲ್ಲವೂ ಒಟ್ಟಿಗೇ ಓಡುತ್ತವೆ. ಕುಟುಂಬದ ಮೂಲಮನೆಯಾದ ಐನ್‌ಮನೆಗೆ, ಮದುವೆಗೆ, ಮೈಸೂರಿಗೆ ಎಂದು ಮಕ್ಕಳ ಓಡಾಟವೂ ಜಾಸ್ತಿ. ಅದಕ್ಕೇ, ಕಾರಿನಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ. ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ, ಡ್ರೈವರ್ ಇದ್ದರೆ ಅವರಿಗೂ ತಿಳಿಸಿ.

ಬೆಳಿಗ್ಗೆ ಗೇಟಿನ ಬಳಿ ನಿಂತರೆ ನನಗೆ ಕಾಣುವುದು ಇಷ್ಟು: ಮುಂದಿನ ಸೀಟಿನಲ್ಲಿ ಅಜ್ಜಿಯ ಮಡಿಲಲ್ಲಿ ಯು.ಕೆ.ಜಿ. ಮಗು. ಹಿಂದೆ, ಎರಡು ಸೀಟುಗಳ ನಡುವೆ ತಲೆ ತೂರಿಸಿ ನಿಂತ ಅಣ್ಣ. ಬೆಲ್ಟ್ ಇರುವುದು ಓಡಿಸುವವರಿಗೆ ಮಾತ್ರ. ಇದೇ ಮನೆಯವರು ಮೈಸೂರಿಗೆ ಹೊರಟರೆ ಎಲ್ಲರಿಗೂ ಬೆಲ್ಟ್ ಹಾಕಿಸುತ್ತಾರೆ. ಕೇಳಿದರೆ, "ತೋಟದಿಂದ ಇಲ್ಲಿಗೆ ಎಷ್ಟು ದೂರ ಟೀಚರ್, ಐದು ನಿಮಿಷ" ಎನ್ನುತ್ತಾರೆ.

ಆ ಐದು ನಿಮಿಷದಲ್ಲಿ ಎಷ್ಟು ತಿರುವುಗಳಿವೆ ಎಂದು ನಿಮಗೇ ಗೊತ್ತು. ಎದುರಿನಿಂದ ಮರದ ಲಾರಿ ಬರುತ್ತದೆ, ಮಂಜು ಕವಿದಿರುತ್ತದೆ, ಬೇಲಿ ದಾಟಿ ಹಂದಿ ನುಗ್ಗುತ್ತದೆ. ತಿತಿಮತಿ ಕಡೆಯಿಂದ, ಸಿದ್ದಾಪುರ ಕಡೆಯಿಂದ ಬರುವವರಿಗೆ ತಿರುವಿನಲ್ಲಿ ಆನೆ ಎದುರಾದರೆ ಬ್ರೇಕ್ ಹೇಗೆ ಒತ್ತಬೇಕಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಮಡಿಲು ಭದ್ರ ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿ. ದಯವಿಟ್ಟು ಅದನ್ನು ಬಿಡಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವ ಕಾರು ಮರಕ್ಕೋ ದರೆಗೋ ಬಡಿದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಎಂದುಕೊಳ್ಳಿ. 15 ಕೆ.ಜಿ.ಯ ಮಗುವನ್ನು ಆ ಗಳಿಗೆಯಲ್ಲಿ ಹಿಡಿದಿಡಲು 160 ಕೆ.ಜಿ.ಗೂ ಮೀರಿದ ಭಾರ ತಡೆಯುವ ಶಕ್ತಿ ಬೇಕು. ಅಂದರೆ ಮೂರು ಮೂಟೆ ಕಾಫಿ ಒಮ್ಮೆಲೇ ಮುಂದಕ್ಕೆ ಎಸೆದ ಹಾಗೆ. ಯಾವ ತಾಯಿಯ ಕೈಗೂ ಅದು ಸಾಧ್ಯವಿಲ್ಲ. ಮಗುವನ್ನು ಹಿಡಿದವರೇ ಬೆಲ್ಟ್ ಹಾಕದಿದ್ದರೆ ಅವರ ಇಡೀ ಮೈಭಾರವೂ ಮಗುವಿನ ಮೇಲೆ ಬೀಳುತ್ತದೆ. ಒಂದೇ ಬೆಲ್ಟನ್ನು ಇಬ್ಬರಿಗೂ ಸೇರಿಸಿ ಸುತ್ತುವುದು ಇನ್ನೂ ಕೆಟ್ಟದ್ದು. ಮುಂದಿನ ಸೀಟಿನಲ್ಲಾದರೆ ಏರ್‌ಬ್ಯಾಗ್ ಬೇರೆ ಇದೆ. ಅದು ಬಿಚ್ಚಿಕೊಳ್ಳುವ ರಭಸ ದೊಡ್ಡವರ ಎದೆಗೆಂದು ಲೆಕ್ಕ ಹಾಕಿದ್ದು, ಮಗುವಿನ ತಲೆಗಲ್ಲ. ಮಕ್ಕಳ ಜಾಗ ಹಿಂದಿನ ಸೀಟು.

ಹಿಂದೆ ಕುಳಿತರೆ ಬೆಲ್ಟ್ ಬೇಡ ಎಂಬುದೂ ತಪ್ಪು ತಿಳಿವಳಿಕೆ. 2022ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡ ಅಪಘಾತ ನಿಮಗೆ ನೆನಪಿರಬಹುದು. ಒಳ್ಳೆಯ ಕಾರು, ಏರ್‌ಬ್ಯಾಗ್‌ಗಳೂ ಇದ್ದವು. ಹಿಂದೆ ಕುಳಿತಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ, ಇಬ್ಬರೂ ಉಳಿಯಲಿಲ್ಲ. ಮುಂದಿದ್ದ ಇಬ್ಬರು ಗಾಯಗೊಂಡರೂ ಬದುಕಿದರು.

ಇನ್ನು ಚಿಕ್ಕ ಮಕ್ಕಳ ಸೀಟಿನ ವಿಷಯ. ಕಾರಿನ ಬೆಲ್ಟ್ ದೊಡ್ಡವರ ಅಳತೆಗೆ ಮಾಡಿದ್ದು. ಸುಮಾರು 145 ಸೆಂ.ಮೀ. ಎತ್ತರ ಬರುವವರೆಗೆ ಅದು ಮಕ್ಕಳಿಗೆ ಸರಿಯಾಗಿ ಕೂರುವುದಿಲ್ಲ: ಮೇಲಿನ ಪಟ್ಟಿ ಕುತ್ತಿಗೆಗೆ ಬರುತ್ತದೆ, ಕೆಳಗಿನದು ಹೊಟ್ಟೆಗೆ. ಕುತ್ತಿಗೆಗೆ ಉಜ್ಜುತ್ತದೆ ಎಂದು ಮಕ್ಕಳು ಅದನ್ನು ಕಂಕುಳ ಕೆಳಗೆ ತೂರಿಸಿಕೊಳ್ಳುತ್ತಾರೆ. ನಮ್ಮ ನಾಲ್ಕನೇ, ಐದನೇ ತರಗತಿಯವರಲ್ಲಿ ಇದನ್ನು ದಿನವೂ ನೋಡುತ್ತೇನೆ. ಹಾಗೆ ಹಾಕಿದರೆ ಪೆಟ್ಟೆಲ್ಲ ಪಕ್ಕೆಲುಬಿಗೆ, ಹೊಟ್ಟೆಯೊಳಗಿನ ಅಂಗಗಳಿಗೆ. ಪಟ್ಟಿ ಭುಜದ ಮಧ್ಯದಿಂದ ಎದೆಯ ಮೇಲೆ ಹಾಯಬೇಕು, ಕೆಳಗಿನದು ಸೊಂಟದ ಮೂಳೆಯ ಮೇಲೆ, ತೊಡೆಗೆ ತಾಗಿಕೊಂಡು ಇರಬೇಕು. ಅದಕ್ಕಾಗಿಯೇ ಮಗುವನ್ನು ಎತ್ತರಿಸಿ ಕೂರಿಸುವ ಬೂಸ್ಟರ್ ಸೀಟು ಸಿಗುತ್ತದೆ. ದಿಂಬು ಮಡಚಿ ಇಡಬೇಡಿ, ಬ್ರೇಕ್ ಹಾಕಿದಾಗ ಜಾರುತ್ತದೆ. ಇನ್ನೂ ಚಿಕ್ಕವರಿಗೆ, ಅಂದರೆ ಸುಮಾರು ನಾಲ್ಕು ವರ್ಷದವರೆಗೆ, ತನ್ನದೇ ಪಟ್ಟಿಗಳಿರುವ ಸೀಟು ಬೇಕು. ಹಸುಗೂಸಿಗೆ ಹಿಂಬದಿಗೆ ಮುಖ ಮಾಡಿದ ಸೀಟು. ಅದನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಮಾತ್ರ ಎಂದಿಗೂ ಇಡಬಾರದು.

ಬೆಲೆ ಹೆಚ್ಚು ಎಂದು ಹಲವರು ಹೇಳುತ್ತೀರಿ, ನಿಜ. ಅಣ್ಣತಮ್ಮಂದಿರ ಮಕ್ಕಳು ಬಳಸಿದ ಸೀಟನ್ನೇ ತಂದುಕೊಳ್ಳಿ, ತೊಂದರೆಯಿಲ್ಲ. ಅಪಘಾತದಲ್ಲಿದ್ದ ಸೀಟು ಬೇಡ, ಯಾರದ್ದೆಂದೇ ಗೊತ್ತಿಲ್ಲದ್ದೂ ಬೇಡ.

ನಮ್ಮ ಊರಿಗೇ ಸಂಬಂಧಿಸಿದ ಒಂದು ವಿಷಯವಿದೆ. ಈಗ ಬೆಳಿಗ್ಗೆ ಚಳಿ, ಮಕ್ಕಳು ದಪ್ಪ ಜಾಕೆಟ್ ಹಾಕಿಕೊಂಡೇ ಸೀಟಿನಲ್ಲಿ ಕೂರುತ್ತಾರೆ. ಪಟ್ಟಿ ಬಿಗಿಯಾಗಿರುವ ಹಾಗೆ ಕಾಣುತ್ತದೆ, ಆದರೆ ಬಿಗಿಯಾಗಿರುವುದು ಜಾಕೆಟ್ಟಿನ ಹತ್ತಿಗೆ. ಪೆಟ್ಟು ಬಿದ್ದಾಗ ಆ ಹತ್ತಿ ಅಮುಕಿಹೋಗಿ ಮಗು ಪಟ್ಟಿಯಿಂದ ನುಸುಳಬಹುದು. ಜಾಕೆಟ್ ತೆಗೆದು, ಪಟ್ಟಿ ಹಾಕಿ, ಆಮೇಲೆ ಜಾಕೆಟ್ಟನ್ನು ಮುಂದಿನಿಂದ ಹೊದಿಸಿ. ಭುಜದ ಬಳಿ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ. ಮಡಿಕೆ ಸಿಕ್ಕರೆ ಇನ್ನೂ ಸಡಿಲ ಎಂದೇ ಅರ್ಥ.

ಕಾನೂನಿನ ಮಾತು ಬೇಗ ಹೇಳಿ ಮುಗಿಸುತ್ತೇನೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಗಾಡಿ ಓಡಿಸಿದರೆ 1,000 ರೂಪಾಯಿ ದಂಡ. ಬೆಲ್ಟ್ ಹಾಕದಿದ್ದರೂ ಬೀಪ್ ಸದ್ದು ನಿಲ್ಲಿಸುವ ಸಣ್ಣ ಕ್ಲಿಪ್ಪು ಕೆಲವು ಕಾರುಗಳಲ್ಲಿ ನೋಡಿದ್ದೇನೆ. 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟ ತಾಣಗಳಿಗೆ ಅದರ ಮಾರಾಟ ನಿಲ್ಲಿಸಲು ಆದೇಶಿಸಿದೆ. ನಿಮ್ಮ ಕಾರಿನಲ್ಲಿದ್ದರೆ ಇವತ್ತೇ ಕಿತ್ತು ಬಿಸಾಡಿ. ಸ್ಕೂಟರ್, ಬೈಕಿನಲ್ಲಿ ಬರುವವರಿಗೆ: ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ಟೂ ಓಡಿಸುವವರಿಗೆ ಕಟ್ಟುವ ಬೆಲ್ಟೂ ಕಡ್ಡಾಯ, ವೇಗ 40 ಕಿ.ಮೀ. ಮೀರಬಾರದು.

ಇನ್ನು ಕೀ. ನಮ್ಮ ಮನೆಗಳೆಲ್ಲ ಇಳಿಜಾರಿನಲ್ಲಿವೆ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುತ್ತೇವೆ, ಅದು ಸರಿಯಾದ ಕ್ರಮವೇ. ಆದರೆ ಗೇರಿನಲ್ಲಿರುವ ಕಾರಿಗೆ ಮಗುವೊಂದು ಕೀ ತಿರುಗಿಸಿದರೆ ಕ್ಲಚ್ ಒತ್ತದೆಯೂ ಹಲವು ಕಾರುಗಳು ಮುಂದಕ್ಕೆ ಹಾರುತ್ತವೆ. ಕಣದಲ್ಲಿ ಕಾಫಿ ಹರಡುತ್ತಿರುವವರು, ಅಲ್ಲೇ ಆಡುತ್ತಿರುವ ಮಕ್ಕಳು ಎದುರಿಗೇ ಇರುತ್ತಾರೆ. "ಒಂದು ನಿಮಿಷ, ಇಳಿಸಿ ಬರುತ್ತೇನೆ" ಎಂದು ಹೋಗುವಾಗಲೂ ಕೀ ನಿಮ್ಮ ಜೇಬಿನಲ್ಲಿರಲಿ. ಮನೆಯಲ್ಲಿ ಮಕ್ಕಳ ಕೈಗೆಟುಕದ ಮೊಳೆಗೆ ನೇತುಹಾಕಿ. ರಿಮೋಟ್ ಕೀಯನ್ನು ಮಗುವಿನ ಕೈಗೆ ಆಟಕ್ಕೆ ಕೊಡಬೇಡಿ. ಅದರೊಳಗಿನ ನಾಣ್ಯದಂಥ ಬ್ಯಾಟರಿ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ನುಂಗಿದ ಸಂಶಯ ಬಂದರೂ ಸಾಕು, ನೇರ ಆಸ್ಪತ್ರೆಗೆ ಹೋಗಿ.

ಹೈಸ್ಕೂಲು ಮಕ್ಕಳ ಅಪ್ಪಂದಿರಿಗೆ ಬೇರೆಯಾಗಿಯೇ ಹೇಳಬೇಕು. ತೋಟದೊಳಗೆ ಜೀಪು ಕಲಿತ ಹುಡುಗ ಒಂದು ದಿನ ಡಾಂಬರು ರಸ್ತೆಗೂ ಬರುತ್ತಾನೆ. 18 ತುಂಬದವರು ಓಡಿಸಿ ಅಪರಾಧವಾದರೆ ಗಾಡಿಯ ಮಾಲೀಕರಿಗೆ ಅಥವಾ ಪೋಷಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ.

ಬಾಗಿಲಿನ ವಿಷಯದಲ್ಲಿ ಎರಡು ಮಾತು. ಹಿಂದಿನ ಬಾಗಿಲು ತೆರೆದರೆ ಅದರ ಅಂಚಿನಲ್ಲಿ ಚಿಕ್ಕ ಚೈಲ್ಡ್ ಲಾಕ್ ಇರುತ್ತದೆ. ಅದನ್ನು ಹಾಕಿದರೆ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ಹೊರಗಿನಿಂದ ಮಾತ್ರ ತೆರೆಯುತ್ತದೆ. ಹಾಕಿಡಿ. ಗಾಜು ಏರಿಸಿಳಿಸುವ ಲಾಕ್ ಬಟನ್ ಡ್ರೈವರ್ ಬಾಗಿಲಲ್ಲಿದೆ, ಅದನ್ನೂ ಒತ್ತಿಡಿ.

ನಿಂತ ಕಾರಿನಲ್ಲಿ ಮಕ್ಕಳನ್ನು ಬಿಟ್ಟುಹೋಗುವುದು ಇದಕ್ಕಿಂತ ಗಂಭೀರ. ಕೊಡಗು ತಂಪು, ಇಲ್ಲಿ ಏನಾಗುತ್ತದೆ ಎಂದು ದಯವಿಟ್ಟು ಅಂದುಕೊಳ್ಳಬೇಡಿ. ಹೊರಗೆ ಬರೀ 22 ಡಿಗ್ರಿ ಇರುವಾಗ, ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಒಂದು ಗಂಟೆಯಲ್ಲಿ 45 ಡಿಗ್ರಿ ದಾಟಿದ್ದನ್ನು ಅಳೆದು ನೋಡಿದ್ದಾರೆ. ಹೆಚ್ಚಿನ ಏರಿಕೆ ಮೊದಲ ಅರ್ಧ ಗಂಟೆಯಲ್ಲೇ. ಗಾಜು ಸ್ವಲ್ಪ ಇಳಿಸಿಟ್ಟರೆ ಹೆಚ್ಚೇನೂ ಪ್ರಯೋಜನವಿಲ್ಲ, ಚಿಕ್ಕ ಮಕ್ಕಳ ಮೈ ನಮಗಿಂತ ಬಹಳ ಬೇಗ ಕಾಯುತ್ತದೆ. ಮದುವೆ ಮಂಟಪದ ಹೊರಗೆ, ನಿದ್ದೆ ಮಾಡುತ್ತಿದೆ ಎಂದು ಮಗುವನ್ನು ಕಾರಿನಲ್ಲೇ ಬಿಟ್ಟು ಊಟಕ್ಕೆ ಹೋಗಬೇಡಿ. ಮನೆಯಲ್ಲಿ ನಿಂತ ಕಾರಿಗೂ ಬೀಗ ಹಾಕಿ. ಕಣ್ಣಾಮುಚ್ಚಾಲೆ ಆಡುವ ಮಕ್ಕಳು ಒಳಗೆ ಹೋಗಿ ಅಡಗಿಕೊಳ್ಳುತ್ತಾರೆ. ಒಳಗೆ ಸಿಕ್ಕಿಬಿದ್ದರೆ ಡ್ರೈವರ್ ಸೀಟಿಗೆ ದಾಟಿ ಹಾರ್ನ್ ಒತ್ತುತ್ತಲೇ ಇರಬೇಕು ಎಂದು ಕಲಿಸಿ. ಮುಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಇರುವುದಿಲ್ಲ, ಹೆಚ್ಚಿನ ಕಾರುಗಳಲ್ಲಿ ಹಿಡಿಕೆ ಒಂದೆರಡು ಸಲ ಎಳೆದರೆ ತೆರೆಯುತ್ತದೆ. ಇದನ್ನು ನಿಮ್ಮ ಕಾರಿನಲ್ಲೇ ಕೂರಿಸಿ ಮಾಡಿಸಿ. ಮಗು ಒಳಗೆ ಸಿಕ್ಕಿ ಕೀ ಸಿಗದಿದ್ದರೆ ಕಾಯಬೇಡಿ: ಮಗುವಿನಿಂದ ದೂರದ ಪಕ್ಕದ ಗಾಜಿನ ಮೂಲೆಗೆ ಹೊಡೆದು ಒಡೆಯಿರಿ, ಇನ್ನೊಬ್ಬರು 112ಕ್ಕೆ ಕರೆ ಮಾಡಲಿ.

ತೋಟದ ಮಾಲೀಕರಾಗಿರುವ ಪೋಷಕರಲ್ಲಿ ಒಂದು ಕೋರಿಕೆ. ನಿಮ್ಮ ತೋಟದ ಕಾರ್ಮಿಕರಿರುವ ಲೈನ್ ಮನೆಗಳ ಮಕ್ಕಳೂ ನಮ್ಮ ಮಕ್ಕಳೇ. ಕೊಯ್ಲಿನ ದಿನಗಳಲ್ಲಿ ಅವರು ಪಿಕಪ್ಪಿನ ಹಿಂದೆ, ಮೂಟೆಗಳ ಮೇಲೆ ಕುಳಿತು ಶಾಲೆಗೆ ಬರುತ್ತಾರೆ. ಅವರಿಗೆ ಬೇಡ ಎನ್ನುವ ಧೈರ್ಯ ಇರುವುದಿಲ್ಲ, ಅವರ ಅಪ್ಪ ಅಮ್ಮನಿಗೂ ಇರುವುದಿಲ್ಲ. ಬೆಲ್ಟ್ ಇರುವ ಸೀಟಿನಲ್ಲಿ ಕೂರಿಸಿ, ಎರಡು ಸಲ ಓಡಾಡಬೇಕಾದರೂ ಸರಿ. ಹೊತ್ತಾಗುವುದಾದರೆ ನನಗೆ ಹೇಳಿ ಕಳಿಸಿ, ಆ ಮಕ್ಕಳು ತಡವಾಗಿ ಬಂದರೂ ಹಾಜರಿ ಕೊಡುತ್ತೇವೆ.

ಬರುವ ಸೋಮವಾರದಿಂದ ಗೇಟಿನ ಬಳಿ ಕಾರುಗಳು ಎಡಗಡೆ ನಿಲ್ಲಲಿ. ಮಕ್ಕಳು ಎಡ ಬಾಗಿಲಿನಿಂದ ಮಾತ್ರ ಇಳಿಯುತ್ತಾರೆ, ಒಬ್ಬ ಶಿಕ್ಷಕರು ಹೊರಗಿನಿಂದ ಬಾಗಿಲು ತೆರೆಯುತ್ತಾರೆ. ಶನಿವಾರ ಪೋಷಕರ ಸಭೆ ಮುಗಿದ ಮೇಲೆ ಕಾರುಗಳನ್ನು ಮೈದಾನಕ್ಕೆ ತನ್ನಿ. ಮಕ್ಕಳನ್ನು ಅವರವರ ಸೀಟಿನಲ್ಲಿ ಕೂರಿಸಿ ಬೆಲ್ಟ್ ಎಲ್ಲಿಗೆ ಬರುತ್ತದೆ ಎಂದು ಒಟ್ಟಿಗೇ ನೋಡೋಣ. ಮನೆಯಲ್ಲಿ ಮಕ್ಕಳ ಸೀಟು ಇರುವವರು ಅದನ್ನೂ ತನ್ನಿ, ಇಲ್ಲದವರಿಗೆ ನೋಡಲು ಅನುಕೂಲ. ಅಜ್ಜ ಅಜ್ಜಿಯರನ್ನು ಖಂಡಿತ ಕರೆತನ್ನಿ, ದಿನವೂ ಮಕ್ಕಳನ್ನು ಬಿಟ್ಟುಹೋಗುವವರು ಹೆಚ್ಚಾಗಿ ಅವರೇ.

ಇತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ
ವಿರಾಜಪೇಟೆ ತಾಲ್ಲೂಕು, ಕೊಡಗು