ಲೋಕೋಪಯೋಗಿ ಸಚಿವರಿಗೆ ಬಹಿರಂಗ ಪತ್ರ: ಸೇತುವೆ ಒಳಗಿನ ಸ್ಟೀಲ್ ಕಣ್ಣಿಗೆ ಕಾಣ್ಬೇಕು ಸಾರ್

ಮಾನ್ಯ ಸಚಿವರಿಗೆ ನಮಸ್ಕಾರ,

ಹೊಸ ಸೇತುವೆ ಫೈಲ್ ನಿಮ್ಮ ಟೇಬಲ್ಲಿಗೆ ಬಂದಾಗ ಎಷ್ಟು ಖರ್ಚು, ಯಾವಾಗ ಮುಗಿಯತ್ತೆ ಅಂತ ಕೇಳೇ ಕೇಳ್ತೀರ. ಅದ್ರ ಜೊತೆಗೆ ಇನ್ನೊಂದು ಕೇಳಿ ಅನ್ನೋಕೇ ಈ ಪತ್ರ ಬರೀತಿರೋದು: ಭಾರ ಹೊರೋ ಸ್ಟೀಲ್ ಎಲ್ಲಿದೆ, ಮೂವತ್ತು ವರ್ಷ ಆದ್ಮೇಲೆ ಅದ್ರ ಹತ್ರ ಹೋಗಿ ನೋಡೋಕಾಗತ್ತಾ?

ಕಾಂಕ್ರೀಟ್ ಒತ್ತಿದ್ರೆ ಚೆನ್ನಾಗಿ ತಡ್ಕೊಳತ್ತೆ, ಎಳೆದ್ರೆ ಬಿರುಕು ಬಿಡತ್ತೆ, ಅದಕ್ಕೇ ಒಳಗೆ ಸ್ಟೀಲ್ ಹಾಕೋದು. ಸ್ಪ್ಯಾನ್ (ಎರಡು ಕಂಬದ ನಡುವಿನ ಅಂತರ) ಉದ್ದ ಆದ್ರೆ ಕಾಂಕ್ರೀಟ್ ಒಳಗಿನ ಡಕ್ಟ್ (ಕೊಳವೆ) ಮೂಲಕ ಸ್ಟೀಲ್ ಕೇಬಲ್ ಎಳೆದು ಬಿಗಿದು, ಆ ಡಕ್ಟ್ ಒಳಗೆ ಗ್ರೌಟ್ (ತೆಳು ಸಿಮೆಂಟ್ ಗಾರೆ) ತುಂಬಿ ಮುಚ್ಚಿಬಿಡ್ತಾರೆ. ಗ್ರೌಟ್ ಪೂರ್ತಿ ಇಳಿದ್ರೆ ಚಿಂತೆ ಇಲ್ಲ, ಎಲ್ಲೋ ಒಂದ್ಕಡೆ ಪೊಳ್ಳು ಉಳಿದು ನೀರು ಸೇರ್ಕೊಂಡ್ರೆ ಒಳಗೊಳಗೇ ತುಕ್ಕು, ಹೊರಗಿಂದ ಏನೂ ಗೊತ್ತಾಗಲ್ಲ. 1985ರಲ್ಲಿ ವೇಲ್ಸ್‌ನ ಇನಿಸ್-ಇ-ಗ್ವಾಸ್ ಸೇತುವೆ ಕೇಬಲ್ ತುಕ್ಕು ಹಿಡಿದು ಮುನ್ಸೂಚನೆನೇ ಇಲ್ದೆ ಕುಸಿದುಬಿತ್ತು. 1992ರಲ್ಲಿ ಬ್ರಿಟನ್ ಸರ್ಕಾರ ಈ ಥರ ಗ್ರೌಟ್ ತುಂಬೋ ಹೊಸ ಸೇತುವೆಗಳನ್ನೇ ಕೆಲವು ವರ್ಷ ನಿಲ್ಲಿಸ್ತು.

ಇಟಲಿಯ ಜಿನೋವಾದ ಮೊರಾಂಡಿ ಸೇತುವೆದು ಇನ್ನೂ ಸಂಕಟದ ಕಥೆ. ಮೇಲಿಂದ ಎತ್ತಿ ಹಿಡಿಯೋ ಸ್ಟೀಲ್ ಕೇಬಲ್‌ಗಳಿಗೇ ಕಾಂಕ್ರೀಟ್ ಹೊದಿಸಿದ್ರು, ರಕ್ಷಣೆ ಆಗ್ಲಿ ಅಂತ. ಕೇಬಲ್‌ಗಳ ಸಂಖ್ಯೆನೂ ಬೆರಳೆಣಿಕೆಯಷ್ಟೇ, ಒಂದು ಹೋದ್ರೆ ಆ ಭಾರ ತಗೊಳೋಕೆ ಇನ್ನೊಂದಿಲ್ಲ. 2018ರ ಆಗಸ್ಟ್ 14ಕ್ಕೆ ಸೇತುವೆ ಕುಸಿದು 43 ಜನ ಹೋದ್ರು. ಅಮೆರಿಕದ ಸಿಲ್ವರ್ ಬ್ರಿಡ್ಜ್‌ದೂ ಇದೇ ಪಾಠ, ಸರಪಳಿ ಥರ ಜೋಡಿಸಿದ ಸ್ಟೀಲ್ ಪಟ್ಟಿ, ಒಂದೊಂದು ಕೊಂಡಿಗೆ ಎರಡೇ ಪಟ್ಟಿ, ಅದ್ರಲ್ಲಿ ಒಂದ್ರಲ್ಲಿದ್ದ ಸುಮಾರು ಎರಡೂವರೆ ಮಿಲಿಮೀಟರ್ ಬಿರುಕು 1967ರಲ್ಲಿ 46 ಜೀವ ತಗೊಂತು.

ನಾನೊಂದ್ಸಲ ಸೇತುವೆ ಇನ್ಸ್‌ಪೆಕ್ಷನ್ ಟೀಮ್ ಜೊತೆ ಹೋಗಿದ್ದೆ. ಎಕ್ಸ್‌ಪಾನ್ಷನ್ ಜಾಯಿಂಟ್ (ಬಿಸಿಲಿಗೆ ಹಿಗ್ಗೋಕೆ ಬಿಟ್ಟಿರೋ ಸಂದು) ರಬ್ಬರ್ ಹರಿದು ಮಳೆನೀರು ಸೀದಾ ಗರ್ಡರ್ (ರಸ್ತೆ ಹೊರೋ ತೊಲೆ) ತುದಿಗೆ ಸುರೀತಿತ್ತು, ಗರ್ಡರ್ ಕಂಬದ ಮೇಲೆ ಕೂರೋ ಬೇರಿಂಗ್ ಹತ್ರ ಟಾರ್ಚ್ ಹಿಡಿಯೋಕೂ ಜಾಗ ಇರ್ಲಿಲ್ಲ, ರಿಪೋರ್ಟಲ್ಲಿ ಮಾತ್ರ ಬೇರಿಂಗ್ ಚೆನ್ನಾಗಿದೆ ಅಂತ ಬರೆದ್ರು. ನೋಡದೆ ಹೇಗೆ ಬರೆದ್ರೋ, ಇವತ್ತಿಗೂ ನನಗೆ ಹೊಟ್ಟೆ ಉರಿಯತ್ತೆ.

ಇಂಥ ಡಿಸೈನೇ ಬೇಕು ಅಂತ ನಾನು ಹೇಳ್ತಿಲ್ಲ. ಸ್ಟೀಲ್ ಟ್ರಸ್ (ಪಟ್ಟಿಗಳನ್ನ ತ್ರಿಕೋನವಾಗಿ ಜೋಡಿಸಿದ ಚೌಕಟ್ಟು) ಆದ್ರೆ ಪೇಂಟ್ ಖರ್ಚು ಇದ್ದೇ ಇರತ್ತೆ, ಆದ್ರೆ ತುಕ್ಕು ಕಣ್ಣಿಗೆ ಬೀಳತ್ತೆ. ಈಗಿನ ಕೇಬಲ್ ಸೇತುವೆಗಳಲ್ಲಿ ಹತ್ತಾರು ಕೇಬಲ್ ಇರತ್ತೆ, ಒಂದೊಂದಾಗಿ ಬಿಚ್ಚಿ ಬದಲಾಯಿಸೋ ಹಾಗೇ ಡಿಸೈನ್ ಮಾಡ್ತಾರೆ. ಬಾಕ್ಸ್ ಗರ್ಡರ್ (ಒಳಗೆ ಟೊಳ್ಳಿರೋ ತೊಲೆ) ಆದ್ರೆ ಒಳಗೆ ಮನುಷ್ಯ ನಡೆದಾಡೋಷ್ಟು ಜಾಗ, ಬೇರಿಂಗ್ ಪಕ್ಕ ಗರ್ಡರ್ ಎತ್ತೋ ಜಾಕ್ ಇಡೋಕೆ ಜಾಗ, ಇಷ್ಟನ್ನ ಡ್ರಾಯಿಂಗ್ ಹಂತದಲ್ಲೇ ಸೇರಿಸಿದ್ರೆ ಖರ್ಚು ಕಡಿಮೆ, ಕಟ್ಟಿದ್ಮೇಲೆ ಆಗೋ ಕೆಲಸ ಅಲ್ಲ ಅದು.

ಮುಂದಿನ ಫೈಲಿಗೆ ಸೈನ್ ಹಾಕೋ ಮೊದ್ಲು ಇಂಜಿನಿಯರ್‌ನ ಎದುರು ಕೂರಿಸ್ಕೊಂಡು, ಈ ಬೇರಿಂಗ್ ಕೆಟ್ಟರೆ ಹೇಗೆ ಬದಲಾಯಿಸ್ತೀರ, ಡ್ರಾಯಿಂಗಲ್ಲಿ ತೋರಿಸಿ ಅಂತ ಕೇಳಿ ಸಾರ್. ತೋರಿಸೋಕಾಗ್ಲಿಲ್ಲ ಅಂದ್ರೆ ಫೈಲ್ ವಾಪಸ್ ಕಳಿಸಿ.

ಇಂತಿ,
ದಿನಾ ಸೇತುವೆ ದಾಟೋ ಒಬ್ಬ ನಾಗರಿಕ